ನಿನ್ನೆ ತಿಂದ ಮೊಟ್ಟೆಯ ತಪ್ಪಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಮೊದಲ ದಿನ ಆಕೆ ಮಾಸ್ಕ್ ತೆಗೆಯಲಿಲ್ಲ. ತೆಗೆಯಿರಿ ಅಂತ ನಾನೂ ಹೇಳಲಿಲ್ಲ. ಮಾತು ಶುರು ಮಾಡಿದ್ದು ತಾಯಿ: "ಊಟ ಬಿಟ್ಟಳು, ಕಾಲೇಜು ಬಿಟ್ಟಳು, ಈಗ ಕನ್ನಡಿಗೆ ಬಟ್ಟೆ ಹೊದಿಸಿದ್ದಾಳೆ ಮೇಡಂ." ತಾಯಿಯನ್ನು ಹೊರಗೆ ಕೂರಿಸಿದ ಮೇಲೆ 22ರ ಆ ಹುಡುಗಿ ಬಾಯಿ ಬಿಟ್ಟಳು. "ಮುಖ ಸರಿಹೋದ್ರೆ ಊಟ ಮಾಡ್ತೀನಿ."

ಮೊಡವೆ ಎದ್ದಾಗ ಯಾರೋ ಎಣ್ಣೆ ಬಿಡು ಎಂದರಂತೆ, ಬಿಟ್ಟಳು. ಆಮೇಲೆ ಹಾಲು, ಮೊಟ್ಟೆ, ಕಾಳು. ಏಳು ತಿಂಗಳಲ್ಲಿ ತಟ್ಟೆಯಲ್ಲಿ ಉಳಿದದ್ದು ಸೌತೆಕಾಯಿ ಮತ್ತು ಹಣ್ಣು. ಮೊಡವೆ ಮಾತ್ರ ಜಾಗ ಬಿಡಲಿಲ್ಲ. ನಡುವೆ ಗೆಳತಿ ಕೊಟ್ಟ ಒಂದು ಕ್ರೀಮು. ಹಚ್ಚಿದ ವಾರದಲ್ಲೇ ಮುಖ ನುಣುಪು. ಬಿಟ್ಟರೆ ಉರಿ, ಕೆಂಪು, ಗುಳ್ಳೆ. ಹೆದರಿ ಮತ್ತೆ ಹಚ್ಚುವುದು. ಟ್ಯೂಬ್ ತೋರಿಸಿ ಅಂದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಕ್ಲೊಬೆಟಾಸೋಲ್ ಎಂದಿತ್ತು. ಸ್ಟೀರಾಯ್ಡ್ ಮುಲಾಮುಗಳಲ್ಲೇ ಅತ್ಯಂತ ಪ್ರಬಲ ಗುಂಪಿನದು, ಮೊಡವೆಗೆ ಹಚ್ಚುವಂಥದ್ದೇ ಅಲ್ಲ. ಊಟ ಅಷ್ಟು ಇಳಿದಿದ್ದರಿಂದ ಮುಟ್ಟಿನ ಬಗ್ಗೆಯೂ ಕೇಳಿದೆ. ಎರಡು ತಿಂಗಳಿಂದ ಆಗಿರಲಿಲ್ಲ.

ನಾನು ಚರ್ಮದ ವೈದ್ಯೆಯಲ್ಲ. ಹಾಗಾಗಿ ಅಂದಿನ ಸಲಹೆ ಒಂದೇ: ಆ ಟ್ಯೂಬ್ ಹಿಡಿದುಕೊಂಡು ಈ ವಾರವೇ ಚರ್ಮರೋಗ ತಜ್ಞರ ಹತ್ತಿರ ಹೋಗಿ, ಮುಟ್ಟು ನಿಂತದ್ದನ್ನೂ ಮುಚ್ಚಿಡದೆ ಹೇಳಿ. ಇಂಥ ಮುಲಾಮು ಚರ್ಮವನ್ನು ತೆಳುವಾಗಿಸುತ್ತದೆ, ತಾನೇ ಮೊಡವೆ ಎಬ್ಬಿಸುತ್ತದೆ, ನಿಲ್ಲಿಸಿದಾಗ ಚರ್ಮ ಕೆಲಕಾಲ ಕೆರಳುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿ, ಅದನ್ನು ಬಿಡಿಸುವ ಕ್ರಮ ಹಾಕಿಕೊಟ್ಟರು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಕೂದಲು ಉದುರುವುದನ್ನೂ ಆಕೆ ಅಷ್ಟು ದಿನ ಶಾಂಪೂ ಲೆಕ್ಕಕ್ಕೆ ಬರೆದಿದ್ದಳು.

ನನ್ನ ಪಾಲಿನ ಕೆಲಸ ಕನ್ನಡಿಯದು. ಗೋಡೆಯ ಕನ್ನಡಿಗೆ ಬಟ್ಟೆ ಹೊದಿಸಿದವಳು ಫೋನಿನ ಕ್ಯಾಮೆರಾದಲ್ಲಿ ಗಂಟೆಗೊಮ್ಮೆ ಮುಖ ನೋಡುತ್ತಿದ್ದಳು; ನೋಡಿದಾಗೆಲ್ಲ ಉಗುರು ಹೋಗಿ ಗುಳ್ಳೆ ಚಿವುಟುತ್ತಿತ್ತು. ಒಪ್ಪಂದ ಮಾಡಿಕೊಂಡೆವು. ನೋಡುವುದು ಬೆಳಿಗ್ಗೆ, ರಾತ್ರಿ ಮುಖ ತೊಳೆಯುವಾಗ ಮಾತ್ರ, ತೋಳಿನಷ್ಟು ದೂರದಿಂದ. ಉಗುರು ಗಿಡ್ಡ. ಫೋಟೊ ನಾಲ್ಕು ವಾರಕ್ಕೊಂದು, ಅದೇ ಬೆಳಕಿನಲ್ಲಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ಮೊಡವೆಯ ಔಷಧಿ ಫಲ ಕೊಡಲು 8ರಿಂದ 12 ವಾರ. ಗಂಟೆಗೊಮ್ಮೆ ನೋಡಿದರೆ ಏನು ಕಂಡೀತು?

ಊಟದ ವಿಷಯಕ್ಕೇ ಹೆಚ್ಚು ಜಗಳವಾಯಿತು. ಆಕೆಯ ನಂಬಿಕೆಯಲ್ಲಿ ಸತ್ಯ ಇಲ್ಲದಿಲ್ಲ: ಸಕ್ಕರೆ, ಸಿಹಿ ಪಾನೀಯಗಳಂತೆ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ಆಹಾರದಿಂದ ಕೆಲವರಿಗೆ ಮೊಡವೆ ಹೆಚ್ಚುತ್ತದೆ. ಅವನ್ನು ಕಡಿಮೆ ಮಾಡಿ ಅಂದೆ. ಆದರೆ ಕಾಳು, ಮೊಟ್ಟೆ ಬಿಟ್ಟರೆ ಚರ್ಮ ಕಟ್ಟಿಕೊಳ್ಳಲು ಪ್ರೋಟೀನ್ ಎಲ್ಲಿಂದ ಬರಬೇಕು? ಗಾಯ ಮಾಯಲು ಸತುವೂ ಬೇಕು. ಊಟದ ಬದಲು ವಿಟಮಿನ್ 'ಎ' ಗುಳಿಗೆ ತರಿಸಿಟ್ಟಿದ್ದಳು. ಅದು ಅತಿಯಾದರೆ ಚರ್ಮ ಒಣಗುತ್ತದೆ, ಯಕೃತ್ತಿಗೂ ಪೆಟ್ಟು. ವೈದ್ಯರನ್ನು ಕೇಳದೆ ಡಬ್ಬಿ ತೆರೆಯುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಆಹಾರ ತಜ್ಞೆಯೊಬ್ಬರ ನೆರವಿನಿಂದ ಬಿಟ್ಟಿದ್ದೆಲ್ಲ ವಾರಕ್ಕೊಂದರಂತೆ ತಟ್ಟೆಗೆ ಮರಳಿತು. ಮೊಟ್ಟೆ ತಿಂದ ಮರುದಿನವೇ ಫೋನ್: "ನೋಡಿ ಮೇಡಂ, ಒಂದು ಎದ್ದಿದೆ." ಇವತ್ತು ಕಂಡ ಮೊಡವೆ ರಂಧ್ರದೊಳಗೆ ಕಟ್ಟತೊಡಗಿ ವಾರಗಳಾಗಿರುತ್ತವೆ, ನಿನ್ನೆಯ ಮೊಟ್ಟೆ ಮೇಲೆ ದೂರು ಹಾಕಬೇಡಿ ಅಂದೆ. ಆಚೆ ಕಡೆ ಮೊದಲ ಸಲ ನಗು ಕೇಳಿಸಿತು.

ತಾಯಿಗೂ ಒಂದು ಮಾತು ಹೇಳಬೇಕಾಯಿತು. "ಇವತ್ತು ಮುಖ ಪರವಾಗಿಲ್ಲ ಕಣೇ" ಅನ್ನುವುದೂ ಬೇಡ. ಪ್ರೀತಿಯದೇ ಆದರೂ ಅದು ತಪಾಸಣೆಯೇ.

ಐದನೇ ತಿಂಗಳಿಗೆ ಮುಟ್ಟು ಮರಳಿದೆ, ಕಾಲೇಜೂ ಶುರುವಾಗಿದೆ. ಕೆನ್ನೆಯ ಕೆಂಪು ಇನ್ನೂ ಪೂರ್ತಿ ಇಳಿದಿಲ್ಲ. ಕಲೆಗಳೆಲ್ಲ ಹೋಗುತ್ತವಾ ಎಂದು ಕೇಳಿದಳು. ಕೆಲವು ಉಳಿಯಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಭೇಟಿಯನ್ನು ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳೋಣವೇ ಎಂದಳು.