ಮಗ ಶಾಲೆಗೆ ಹೋಗಲ್ಲ ಅಂತಾನೆ, ಟೀಚರ್ ‘ಮಕ್ಕಳಾಟ’ ಅಂತಾರೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಮಗ 7ನೇ ತರಗತಿ. ಶಹಾಪುರ ಕಡೆಯ ಹಳ್ಳಿಯಿಂದ ಈ ವರ್ಷ ಕಲಬುರಗಿಯ ಖಾಸಗಿ ಶಾಲೆಗೆ ಸೇರಿದ್ದಾನೆ. ಬೆಳಗಾದರೆ ಹೊಟ್ಟೆನೋವು, ಭಾನುವಾರ ಮಾತ್ರ ಏನೂ ಇಲ್ಲ. ತಾನು ಮಾತಾಡುವ ರೀತಿಯನ್ನು ಹುಡುಗರು ಅಣಕಿಸುತ್ತಾರೆ ಅಂತ ಒಂದು ಸಲ ಹೇಳಿ ಸುಮ್ಮನಾಗಿದ್ದಾನೆ. ಇದು ಆಟವೋ ಕಿರುಕುಳವೋ, ಹೇಗೆ ತಿಳಿಯೋದು ಅಂತ ಕೇಳಿದ್ದೀರಿ.

ನಾನು ಯಾದಗಿರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಆಟದಲ್ಲಿ ಸರದಿ ಬದಲಾಗುತ್ತದೆ. ಇವತ್ತು ಇವನನ್ನು ರೇಗಿಸಿದವರನ್ನು ನಾಳೆ ಇವನು ರೇಗಿಸುತ್ತಾನೆ, ಅತ್ತರೆ ಉಳಿದವರು ನಿಲ್ಲಿಸುತ್ತಾರೆ. ದಿನಾ ಒಬ್ಬನೇ ಸಿಕ್ಕಿಬೀಳುತ್ತಿದ್ದರೆ, ಅವನು ಬೇಡ ಅಂದಷ್ಟೂ ಜಾಸ್ತಿ ಆಗುತ್ತಿದ್ದರೆ, ಅದು ಆಟ ಅಲ್ಲ. ಟೀಚರ್ ಏನೇ ಅನ್ನಲಿ.

ಮಕ್ಕಳು ಬಾಯಿ ಬಿಡದಿದ್ದರೂ ವಸ್ತುಗಳು ಹೇಳುತ್ತವೆ. ನೀರಿನ ಬಾಟಲಿ ನೋಡಿ. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅಂಥ ದಿನವೂ ಬಾಟಲಿ ತುಂಬಿದಂತೆಯೇ ಮನೆಗೆ ಬಂದರೆ, ಮಗು ಬೇಕಂತಲೇ ನೀರು ಕುಡಿದಿಲ್ಲ ಅಂತಲೇ ಜಾಸ್ತಿ ಅನುಮಾನ. ಯಾಕೆಂದರೆ ಶೌಚಾಲಯದ ಹತ್ತಿರ ಟೀಚರ್ ಇರುವುದಿಲ್ಲ, ಕಾಡುವವರು ಅಲ್ಲೇ ಕಾಯುತ್ತಾರೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಬಿಡುವಿನಲ್ಲಿ ಹೋಗದೆ ಪಾಠದ ಮಧ್ಯೆ ಎದ್ದು ಕೇಳುತ್ತಿದ್ದ, ಎಲ್ಲರೂ ಅವನನ್ನು ಉಡಾಳ ಅಂದುಕೊಂಡಿದ್ದರು. ನೋಟ್‌ಬುಕ್ಕಿನ ಕೊನೆ ಪುಟಗಳನ್ನೂ ತೆಗೆದು ನೋಡಿ. ಅಡ್ಡಹೆಸರು ಬರೆದಿರುತ್ತಾರೆ, ಇಲ್ಲ ಅಂದರೆ ಆ ಪುಟವೇ ಹರಿದಿರುತ್ತದೆ. ಆಟೋದಲ್ಲಿ ಹೋಗುವವನಾದರೆ ಆಟೋದವರನ್ನು ಕೇಳಿ, ಶಾಲೆಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ. ಅಷ್ಟು ಮಕ್ಕಳನ್ನು ಒತ್ತಿ ಕೂರಿಸಿದ ಆಟೋದಲ್ಲಿ ಹಿಂದೆ ಏನು ನಡೆದರೂ ತಡೆಯುವವರು ಯಾರು?

ಮಗನನ್ನು ಕೇಳುವಾಗ ‘ನೀನೇನು ಮಾಡಿದ್ದೆ’ ಅಂತ ಶುರು ಮಾಡಬೇಡಿ. ‘ಊಟದ ಹೊತ್ತಿಗೆ ಎಲ್ಲಿ ಕೂರುತ್ತೀಯಾ, ಪಕ್ಕದಲ್ಲಿ ಯಾರು’ ಅಂತ ಕೇಳಿ. ಮುಖ ನೋಡಿಕೊಂಡು ಕೂತರೆ ಹೇಳಲಿಕ್ಕಿಲ್ಲ, ಗಾಡಿ ಮೇಲೆ ಹೋಗುವಾಗ ಹೇಳಬಹುದು. ‘ಗಂಡುಹುಡುಗ ಅಲ್ವಾ, ನೀನೂ ನಾಲ್ಕು ಬಿಡು’ ಅನ್ನುವ ಮಾತು ಮನೆಯಲ್ಲಿ ಯಾರಾದರೂ ಆಡಿಯೇ ಆಡುತ್ತಾರೆ. ದಯವಿಟ್ಟು ತಡೆಯಿರಿ. ಅವನಿಗೆ ಆ ಶಕ್ತಿ ಇದ್ದಿದ್ದರೆ ಈ ಹೊಟ್ಟೆನೋವು ಬರುತ್ತಿರಲಿಲ್ಲ. ಮತ್ತೆ, ಅವನ ಮಾತಿನಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಅದು ಈ ಸೀಮೆಯ ಕನ್ನಡ, ಅವನ ಅಜ್ಜ-ಅಜ್ಜಿ ಆಡಿದ ಕನ್ನಡ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿ.

ಆಮೇಲೆ ಎಲ್ಲವನ್ನೂ ಬರೆದಿಡಿ. ದಿನ, ಜಾಗ, ಯಾರು, ಏನಂದರು. ಬೈಗುಳ ಇದ್ದರೆ ಇದ್ದ ಹಾಗೇ, ಜಾತಿ ಹಿಡಿದು ಬೈದಿದ್ದರೆ ಆ ಮಾತನ್ನೇ ಬರೆಯಿರಿ, ‘ಕೆಟ್ಟದಾಗಿ ಮಾತಾಡಿದರು’ ಅಂತ ಮಸುಕು ಮಾಡಬೇಡಿ. ವಾಟ್ಸಾಪ್ ಗುಂಪಿನಲ್ಲಿ ಏನಾದರೂ ಹಾಕಿದ್ದರೆ ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಇಷ್ಟನ್ನೂ ಸೇರಿಸಿ ಮುಖ್ಯ ಗುರುಗಳಿಗೆ ಒಂದು ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಮರುದಿನಕ್ಕೆ ಮರೆತುಹೋಗುತ್ತದೆ, ಕಾಗದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಶಾಲೆಯವರು ಇಬ್ಬರನ್ನೂ ಕರೆದು ‘ಕೈ ಕೊಡ್ರಿ, ಇನ್ಮೇಲೆ ದೋಸ್ತರು’ ಅನ್ನಬಹುದು. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಸಮಾನರು ಜಗಳವಾಡಿದಾಗ ರಾಜಿ ಸರಿ. ಒಬ್ಬನನ್ನು ನಾಲ್ವರು ಕಾಡುವಾಗ ರಾಜಿ ಅಂದರೆ ಆ ಒಬ್ಬನ ಬಾಯಿ ಮುಚ್ಚಿಸಿದ ಹಾಗೆ, ಹೊರಗೆ ಬಂದ ಮೇಲೆ ಅವನಿಗೆ ಇನ್ನೂ ಜಾಸ್ತಿ ಬೀಳುತ್ತದೆ. ಬದಲಿಗೆ ಗಟ್ಟಿಯಾದ ಮೂರು ಮಾತು ಕೇಳಿ: ಬಿಡುವಿನಲ್ಲಿ ಶೌಚಾಲಯದ ಹತ್ತಿರ ಯಾವ ಟೀಚರ್ ನಿಲ್ಲುತ್ತಾರೆ? ಜಾಗ ಬದಲಿಸುವುದಾದರೆ ನನ್ನ ಮಗನನ್ನು ಯಾಕೆ, ಕಾಡುವವರನ್ನು ಬದಲಿಸುತ್ತೀರಾ? ಏನಾಯಿತು ಅಂತ ನನಗೆ ಯಾವತ್ತು ಹೇಳುತ್ತೀರಿ? ಸುಮ್ನೆ ನೋಡುತ್ತಾ ನಗುವ ಹುಡುಗರ ಜೊತೆಗೂ ಮಾತಾಡಲು ಹೇಳಿ, ನಗು ನಿಂತರೆ ಅರ್ಧ ಕಿರುಕುಳ ಅಲ್ಲೇ ನಿಲ್ಲುತ್ತದೆ. ಆದರೆ ನೀವು ಗೇಟಿನ ಹತ್ತಿರ ಆ ಹುಡುಗರನ್ನು ಹಿಡಿದು ಬೆದರಿಸಲು ಹೋಗಬೇಡಿ. ಅವರೂ ಮಕ್ಕಳೇ. ಹಾಗೆ ಮಾಡಿದರೆ ಪ್ರಕರಣ ನಿಮ್ಮ ಮೇಲೆ ತಿರುಗುತ್ತದೆ.

ಶಾಲೆ ಕದಲದಿದ್ದರೆ ಅದೇ ಪ್ರತಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲೂ ಆಗದಿದ್ದರೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಹತ್ತಿರ ಹೋಗಿ. ಮಕ್ಕಳ ಸಹಾಯವಾಣಿ 1098 ಉಚಿತ, ರಾತ್ರಿಯೂ ಇರುತ್ತದೆ, ಮಗನೇ ಕರೆ ಮಾಡಬಹುದು. ಟೀಚರೇ ಅಣಕಿಸುತ್ತಿದ್ದರೆ, ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಯಾರಾದರೂ ಮೈ ಮುಟ್ಟಿದ್ದು, ಬಟ್ಟೆ ಎಳೆದದ್ದು, ಅಂಥ ಫೋಟೋ ತೆಗೆದದ್ದು ಇದ್ದರೆ ಶಾಲೆಯ ವಿಚಾರಣೆಗೆ ಕಾಯದೆ ಪೊಲೀಸರಿಗೆ ಇಲ್ಲವೇ 1098ಕ್ಕೆ ತಿಳಿಸಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ಮುಚ್ಚಿಡುವುದೇ ಅಪರಾಧ. ಆ ಫೋಟೋವನ್ನು ಯಾರಿಗೂ ಕಳಿಸಬೇಡಿ.

‘ಬದುಕೋದೇ ಬೇಡ’ ಅನ್ನುವಂಥ ಮಾತು ಅವನ ಬಾಯಲ್ಲಿ ಬಂದರೆ, ಬೇರೆಲ್ಲ ಬಿಟ್ಟು ಅವತ್ತೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಶಾಲೆ ಬಿಡಿಸಬೇಕಾ ಅಂತಲೂ ಕೇಳಿದ್ದೀರಿ. ಮೊದಲೇ ಬೇಡ. ಆದರೆ ಅರ್ಜಿ ಕೊಟ್ಟ ಮೇಲೂ ಏನೂ ಬದಲಾಗದಿದ್ದರೆ, ಅವನನ್ನೇ ಕೇಳಿ ನಿರ್ಧರಿಸಿ. ವರ್ಷದ ಮಧ್ಯೆ ಟಿಸಿ (ವರ್ಗಾವಣೆ ಪತ್ರ) ತಡವಾಗುತ್ತದೆ ಅಂತ ಹೆದರಬೇಡಿ. 8ನೇ ತರಗತಿವರೆಗೆ ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ.