ಸ್ಟೋರೇಜ್ ಫುಲ್ ಅಂತ ದಿನಾ ಎಚ್ಚರಿಕೆ ಬರ್ತಿದೆ. ಹಳೇ ಫೋಟೋ ಡಿಲೀಟ್ ಮಾಡ್ಲಾ, ದುಡ್ಡು ಕಟ್ಟಿ ಜಾಸ್ತಿ ಜಾಗ ತಗೊಳ್ಳಲಾ?

ಎರಡೂ ಬೇಡ. ಸದ್ಯಕ್ಕಂತೂ ಏನನ್ನೂ ಒತ್ತಬೇಡಿ. ನಾನು ಒತ್ತಿ ಕೆಟ್ಟವನು.

2022ರಲ್ಲಿ ಊರಿನ ನಮ್ಮ ಹಳೇ ಮನೆ ಕೆಡವಿದರು. ಹಿಂದಿನ ದಿನ ಹೋಗಿ 212 ಫೋಟೋ ತೆಗೆದಿದ್ದೆ. ಅಟ್ಟ, ಒರಳುಕಲ್ಲು, ಬಚ್ಚಲ ಹಂಡೆ, ಯಾವುದನ್ನೂ ಬಿಟ್ಟಿರಲಿಲ್ಲ. ಅಡುಗೆಮನೆ ಗೋಡೆ ಮೇಲೆ ಅಜ್ಜಿ ಇದ್ದಿಲಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಹಾಲು ಬಂದ ದಿನ ಒಂದು ಗೀಟು, ಬರದ ದಿನ ಸೊನ್ನೆ. ಅಜ್ಜಿ ಹೋಗಿ 11 ವರ್ಷವಾಗಿದ್ದರೂ ಆ ಜಾಗಕ್ಕೆ ಮಾತ್ರ ಯಾರೂ ಸುಣ್ಣ ಬಳಿದಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಫೋನ್ ತುಂಬಿತು. 'ಇವೆಲ್ಲ ಕ್ಲೌಡ್‌ನಲ್ಲಿ ಸುರಕ್ಷಿತವಾಗಿವೆ, ಫೋನ್‌ನಿಂದ ತೆಗೆಯಲೇ?' ಅಂತ ಆ್ಯಪ್ ಕೇಳಿತು. ಕ್ಲೌಡ್ ಅಂದರೆ ಇಂಟರ್‌ನೆಟ್‌ನಲ್ಲಿ ಕಂಪನಿ ಕೊಡೋ ಜಾಗ. ಸರಿ ಅಂದೆ. ಅಂದಿದ್ದನ್ನು ಮರೆತೂಬಿಟ್ಟೆ.

ಮುಂದಿನ ವರ್ಷ ನಿಮ್ಮದೇ ಕತೆ ಶುರುವಾಯಿತು. 'ಜಾಗ ಮುಗಿದಿದೆ, ನಿಮ್ಮ ನೆನಪುಗಳನ್ನು ಕಳೆದುಕೊಳ್ಳಬೇಡಿ.' ಕೆಳಗೆ ದುಡ್ಡು ಕಟ್ಟಲು ದೊಡ್ಡ ಬಟನ್. ಮುಗಿದಿರೋದು ಫೋನ್‌ನ ಜಾಗವೋ ಕ್ಲೌಡ್‌ನ ಜಾಗವೋ, ಅದರ ಬಗ್ಗೆ ಮಾತಿಲ್ಲ. ಕಂಪನಿ ಹೆಸರು ಬೇಡ ಬಿಡಿ.

ನಾನು ಸ್ವಲ್ಪ ಜಿಪುಣ. ದುಡ್ಡು ಯಾಕೆ ಕಟ್ಟಬೇಕು ಅಂತ ಆ್ಯಪ್ ತೆರೆದು 2022ರ ಫೋಟೋಗಳನ್ನೆಲ್ಲ ಡಿಲೀಟ್ ಮಾಡಿದೆ. ಕ್ಲೌಡ್‌ನಲ್ಲಿ ಹೋದರೆ ಹೋಗಲಿ, ಫೋನ್‌ನಲ್ಲಿ ಹೇಗೂ ಇವೆಯಲ್ಲ ಅಂದುಕೊಂಡೆ. ಇರಲಿಲ್ಲ. ಫೋನ್‌ನಲ್ಲಿರೋ ಫೋಟೋ, ಕ್ಲೌಡ್‌ನಲ್ಲಿ ಮಾತ್ರ ಇರೋ ಫೋಟೋ ಒಂದೇ ಪರದೆಯಲ್ಲಿ ಅಕ್ಕಪಕ್ಕ ಕೂತಿರುತ್ತವೆ. ನೋಡೋಕೆ ಒಂದು ಚೂರೂ ವ್ಯತ್ಯಾಸ ಗೊತ್ತಾಗಲ್ಲ. ಫೋನ್‌ನಲ್ಲಿ ಇದ್ದಿದ್ದರೂ ಉಳಿಯುತ್ತಿರಲಿಲ್ಲ ಅನ್ನಿ. ಇದು ಬ್ಯಾಕಪ್ ಅನ್ನೋ ಹೆಸರಿನ ಸಿಂಕ್. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತೆ.

ಅಲ್ಲಿಗೇ ನಿಂತಿದ್ದರೂ ಬಚಾವಾಗುತ್ತಿದ್ದೆ. ಡಿಲೀಟ್ ಆಗಿದ್ದು ಮೊದಲು ಟ್ರ್ಯಾಷ್‌ಗೆ ಹೋಗುತ್ತೆ. ಬ್ಯಾಕಪ್ ಆದ ಫೋಟೋ ಗೂಗಲ್ ಫೋಟೋಸ್‌ನಲ್ಲಿ 60 ದಿನ, ಆಪಲ್‌ನ ಐಕ್ಲೌಡ್‌ನಲ್ಲಿ 30 ದಿನ ಅಲ್ಲಿರುತ್ತೆ. ಆದರೆ ನಾನು ಬಳಸುತ್ತಿದ್ದ ಕಡೆ ಟ್ರ್ಯಾಷ್‌ನಲ್ಲಿರೋದನ್ನೂ ಜಾಗದ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅಷ್ಟೆಲ್ಲ ಡಿಲೀಟ್ ಮಾಡಿದರೂ ಎಚ್ಚರಿಕೆ ಹೋಗಲಿಲ್ಲ. ಸಿಟ್ಟು ಬಂತು. ಟ್ರ್ಯಾಷ್ ತೆರೆದು 'ಖಾಲಿ ಮಾಡಿ' ಒತ್ತಿದೆ. 'ಶಾಶ್ವತವಾಗಿ ಅಳಿಸಲಾಗುವುದು' ಅಂತ ಬಂದಿದ್ದನ್ನು ಪೂರ್ತಿ ಓದದೆ ಓಕೆ ಕೊಟ್ಟೆ. ಡಿಲೀಟ್ ಅಲ್ಲ, ನನ್ನ ತಪ್ಪು ಈ ಓಕೆ. ಅದೊಂದನ್ನು ಒತ್ತದೇ ಇದ್ದಿದ್ದರೆ ವಾರ ಬಿಟ್ಟಾದರೂ ವಾಪಸ್ ತಗೋಬಹುದಿತ್ತು.

ಯುಗಾದಿಗೆ ಬಂದ ಚಿಕ್ಕಪ್ಪ 'ಅಮ್ಮನ ಹಾಲಿನ ಲೆಕ್ಕ ತೋರ್ಸೋ' ಅಂದಾಗಲೇ ಗೊತ್ತಾಗಿದ್ದು. ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದ 9 ಫೋಟೋ ಸಿಕ್ಕವು. ಒಂದರಲ್ಲಿ ಅಡುಗೆಮನೆ ಬಾಗಿಲ ಸಂದಿಯಿಂದ ನಾಲ್ಕು ಗೀಟು ಮಸುಕಾಗಿ ಕಾಣುತ್ತವೆ.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಆ 212 ಫೋಟೋ ಸೇರಿಸಿದರೂ 1 ಜಿಬಿ ಇರಲಿಲ್ಲ. ಜಾಗ ತಿಂದಿದ್ದು ವಾಟ್ಸಾಪ್‌ನಲ್ಲಿ ಬಂದ ಶುಭೋದಯದ ವಿಡಿಯೋಗಳು, ಜೊತೆಗೆ ಜೇಬಿನೊಳಗೆ ಕ್ಯಾಮೆರಾ ತಾನಾಗೇ ಆನ್ ಆಗಿ ರೆಕಾರ್ಡ್ ಆದ 11 ನಿಮಿಷದ 4ಕೆ ವಿಡಿಯೋ. ಪೂರ್ತಿ ಕತ್ತಲೆ, ಚಪ್ಪಲಿ ಸದ್ದು. ಸುಮಾರು 4 ಜಿಬಿ! ದುಡ್ಡು ಕಟ್ಟಿದ್ದರೆ ನನ್ನ ಜೇಬಿನ ಕತ್ತಲೆಗೆ ತಿಂಗಳು ತಿಂಗಳು ಬಾಡಿಗೆ ಕೊಡುತ್ತಿದ್ದೆ ಅಷ್ಟೇ.

ಅದಕ್ಕೇ ನಿಮ್ಮ ಪ್ರಶ್ನೆನೇ ತಪ್ಪು ಅಂತೀನಿ. ಅಳಿಸಲಾ ಕಟ್ಟಲಾ ಅನ್ನೋದು ಆ ಬಟನ್ ನಿಮ್ಮ ತಲೆಗೆ ತುಂಬಿದ ಪ್ರಶ್ನೆ. ತಿಂದಿದ್ದು ಯಾವುದು ಅಂತ ಮೊದಲು ನೋಡಿ. ಯಾವ ಸರ್ವಿಸ್ ಅಂತ ನೀವು ಬರೆದಿಲ್ಲ. ಗೂಗಲ್ ಆದರೆ ಉಚಿತ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಜಿಮೇಲ್‌ನ ಸ್ಪ್ಯಾಮ್ ಕೂಡ ಅದರಲ್ಲೇ. 2021ರ ಜೂನ್ 1ಕ್ಕಿಂತ ಮೊದಲು 'ಹೈ ಕ್ವಾಲಿಟಿ'ಯಲ್ಲಿ (ಅಂದರೆ ಗಾತ್ರ ಕುಗ್ಗಿಸಿ) ಏರಿಸಿದ ಫೋಟೋಗಳು ಲೆಕ್ಕಕ್ಕೇ ಇಲ್ಲ. ಅವನ್ನು ಅಳಿಸಿದರೆ ಫೋಟೋ ಹೋಗುತ್ತೆ, ಒಂದು ಎಂಬಿ ಜಾಗವೂ ಸಿಗಲ್ಲ. ಐಕ್ಲೌಡ್ ಆದರೆ ಉಚಿತ 5 ಜಿಬಿ. ಫೋನ್‌ನ ಬ್ಯಾಕಪ್ ಒಂದೇ ಅದನ್ನು ನುಂಗಿಬಿಡಬಹುದು.

'ಇವತ್ತೇ ಕಟ್ಟದಿದ್ದರೆ ಫೋಟೋ ಎಲ್ಲ ಡಿಲೀಟ್' ಅಂತ ಇಮೇಲ್ ಬಂದಿದ್ದರೆ ಅದು ಬಹುತೇಕ ಮೋಸ. ಅದರ ಲಿಂಕ್ ಒತ್ತದೆ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಗೂಗಲ್ ನಿಯಮದಲ್ಲೇ, ಮಿತಿ ಮೀರಿ 2 ವರ್ಷ ಹಾಗೇ ಬಿಟ್ಟರೆ ಮಾತ್ರ ಅಳಿಸಬಹುದು ಅಂತಿದೆ. ಅದಕ್ಕೂ ಮುಂಚೆ ಮೇಲ್ ಬರೋದು, ಹೋಗೋದು ನಿಲ್ಲುತ್ತೆ ನಿಜ. ಆದರೂ ಒಂದು ಭಾನುವಾರ ಕೂತು, ಮುಖ್ಯವಾದ ಫೋಟೋಗಳನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡು, ತೆರೆದು ನೋಡಿ, ಆಮೇಲೆ ದೊಡ್ಡ ವಿಡಿಯೋಗಳನ್ನು ಅಳಿಸೋಕೆ ಬೇಕಾದಷ್ಟು ಸಮಯ ಇದೆ.

ಎಚ್ಚರಿಕೆಯಲ್ಲಿರೋ ಸಾಲನ್ನು ಇದ್ದ ಹಾಗೇ ಇಲ್ಲಿ ಕೆಳಗೆ ಬರೆಯಿರಿ, ಯಾವ ಜಾಗದ್ದು ಅಂತ ನೋಡಿ ಹೇಳ್ತೀನಿ. ಅಲ್ಲಿಯವರೆಗೆ ಟ್ರ್ಯಾಷ್ ಮುಟ್ಟಬೇಡಿ.