ಮಗುವಿನ ಮುಂದೆ ನಾವೂ ಜಗಳ ಆಡುತ್ತಿರಲಿಲ್ಲ

ಮಗನ ಮುಂದೆ ಜಗಳವನ್ನೇ ಆಡಲ್ಲ, ಮಾತು ಬಿಡ್ತೀವಿ ಅಷ್ಟೇ, ಆದರೂ ಅವನು ಶಾಲೆಯಲ್ಲಿ ಹೊಡೆದಾಡ್ತಾನೆ, ಹೇಗೆ ತಿದ್ದೋದು ಅಂತ ಕೇಳಿದ್ದೀರಿ. ಆ "ಅಷ್ಟೇ" ಓದಿ ಎದೆ ಧಸಕ್ಕೆಂದಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮದು ಎರಡು ಮೂರು ವಾರ ಎಳೆಯುತ್ತಿತ್ತು. ಕೂಗಾಟ ಇಲ್ಲ, ಏನೂ ಇಲ್ಲ. ಅದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಆದರೆ ಮನೆ ನಡೆಯಬೇಕಲ್ವಾ? 8 ವರ್ಷದ ಮಗಳ ಕೈಲಿ ಮಾತು ಕಳಿಸುತ್ತಿದ್ದೆ. ನನ್ನ ತಪ್ಪು ಇದೇ. ಕೇಳೋಕೆ ಸಣ್ಣದು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಒಂದು ರಾತ್ರಿ "ನಿಮ್ಮಪ್ಪನಿಗೆ ಹೇಳು, ಬೇಕಿದ್ರೆ ಬಂದು ಉಣ್ಣಲಿ, ಇಲ್ಲದಿದ್ರೆ ಬಿಡಲಿ" ಅಂದೆ. ಏನೋ ಎತ್ತಿಡಲು ಅವಳ ಹಿಂದೆಯೇ ಹೋದೆ. ಬಾಗಿಲಾಚೆಯಿಂದ ಕೇಳಿಸಿತು: "ಅಪ್ಪಾ, ಅಮ್ಮ ನೀನು ಬರಲಿ ಅಂತ ಉಣ್ಣದೇ ಕಾಯ್ತಿದ್ದಾಳೆ." ಅವರು ಏನೋ ಗೊಣಗಿದರು. ಇವಳು ನಗುತ್ತಾ ಹೊರಬಂದಳು. "ಐದೇ ನಿಮಿಷ ಅಂತೆ ಅಮ್ಮಾ."

ನಮ್ಮಿಬ್ಬರ ಮಾತಿನ ಮುಳ್ಳನ್ನು ಒಂದೊಂದಾಗಿ ಕಿತ್ತು ಆಚೆ ಈಚೆ ದಾಟಿಸುತ್ತಿದ್ದಳು. ಎಷ್ಟು ತಿಂಗಳಿಂದಲೋ! ಶಾಲೆಯ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಹೊಟ್ಟೆನೋವು, ಯಾವ ಸ್ಕ್ಯಾನಿಗೂ ಸಿಗದ ಹೊಟ್ಟೆನೋವು, ಆಗ ಅರ್ಥವಾಯಿತು. ಅವಳು ಹೊರಟರೆ ಮನೆ ಕಾಯೋರು ಯಾರು?

ಇದಕ್ಕೆ ಮನೋವೈದ್ಯ ಮರ್ರೆ ಬೋವೆನ್ 'ತ್ರಿಕೋನ' ಅಂತ ಹೆಸರಿಟ್ಟಿದ್ದರು ಅಂತ ಆಮೇಲೆ ಕೌನ್ಸೆಲರ್ ಹೇಳಿದರು. ಇಬ್ಬರ ನಡುವಿನ ಬಿಗಿ ಜಾಸ್ತಿಯಾದಾಗ ಮೂರನೆಯವರನ್ನು ಎಳೆದುಕೊಳ್ಳುವುದು. ಆ ಜಾಗದಲ್ಲಿ ಕೆಲವು ಮಕ್ಕಳು ಸಂಧಾನಕ್ಕೆ ನಿಲ್ಲುತ್ತಾರೆ, ಕೆಲವರು ಹೊರಗೆ ಹೋಗಿ ಹೊಡೆದಾಡುತ್ತಾರೆ.

ಹಾಗಾಗಿ ಮಗನನ್ನು ತಿದ್ದೋ ಮಾತು ಬಿಡಿ. ಕೌನ್ಸೆಲರ್ ಹತ್ತಿರ ಅವನನ್ನು ಒಬ್ಬನನ್ನೇ ಕೂರಿಸಿ ನೀವಿಬ್ಬರು ಹೊರಗೆ ಕಾಯಬೇಡಿ, ಒಳಗೆ ಹೋಗಬೇಕಾದವರು ನೀವು. ಜಗಳ ಆಡಬೇಡಿ ಅಂತಲೂ ನಾನು ಹೇಳಲ್ಲ. ಹೊಡೆತ ಬೈಗುಳ ಬೇರೆ ವಿಷಯ ಬಿಡಿ, ಅದು ಸಲ್ಲದು. ಮಾರ್ಕ್ ಕಮಿಂಗ್ಸ್ ಎಂಬ ಸಂಶೋಧಕರು ದೊಡ್ಡವರ ಜಗಳಗಳನ್ನು ಮಕ್ಕಳಿಗೆ ತೋರಿಸಿ ನೋಡಿದ್ದರು. ರಾಜಿಯಾದದ್ದನ್ನು ಕಂಡ ಮಕ್ಕಳ ಕಳವಳ ಇಳಿಯುತ್ತಿತ್ತು. ರಾಜಿಯಾಗದೆ ಮಾತು ಬಿಟ್ಟು ಕೂತ ಸಿಟ್ಟೂ ಅವರನ್ನು ಕಾಡುತ್ತಿತ್ತು. ಮಕ್ಕಳಿಗೆ ಗೊತ್ತಾಗಲ್ಲ ಅನ್ನೋದು ನಾವು ಸುಮ್ನೆ ಹೇಳಿಕೊಳ್ಳೋ ಸಮಾಧಾನ.

ಈಗಲೂ ಹಳೇ ಚಾಳಿಯಲ್ಲಿ "ಅಪ್ಪನಿಗೆ ಹೇಳು..." ಅಂತ ಬಾಯಿ ತೆಗೆಯುತ್ತೇನೆ. ಮಗಳು ಪುಸ್ತಕದಿಂದ ತಲೆ ಎತ್ತದೇ "ನೀನೇ ಹೇಳಮ್ಮ" ಅನ್ನುತ್ತಾಳೆ. ಹೊಟ್ಟೆನೋವು ವರ್ಷಕ್ಕೆ ಒಂದೆರಡು ಸಲ ಬರುತ್ತೆ, ಅದೂ ಗಣಿತದ ಪರೀಕ್ಷೆ ದಿನ.